ಟ್ಯೂಬ್ ಹಿಂಡೋದು ರಿಪೇರಿ ಅಲ್ಲ ಕಣ್ರಪ್ಪ

ಭಾನುವಾರ ಅಪ್ಪನ ಕಾಲದ ಅಂಬಾಸಿಡರ್‌ನ ಚೇಂಬರ್ ಬಿಚ್ಚಿದೆ. 1978ರ ಮಾರ್ಕ್ 3, ಪೆಟ್ರೋಲ್. ಆಯಿಲ್ ಪಂಪಿನ ಜಾಲರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. ಕಸದಿಂದ ಅಲ್ಲ, ಹುಳದ ಥರ ಉದ್ದುದ್ದ ಕಿತ್ತುಬಂದ ಸಿಲಿಕಾನ್‌ನಿಂದ. ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನವರು "ಲೀಕ್ ನಿಲ್ಲಿಸಿ ಕೊಡ್ತೀನಿ" ಅಂತ ಕಾರ್ಕ್ ಪ್ಯಾಕಿಂಗ್ ಹಾಕದೆ ಬರೀ ಟ್ಯೂಬ್ ಹಿಂಡಿದ್ದರು. ಹೊರಗೆ ಎಷ್ಟು ಉಬ್ಬಿರುತ್ತೋ ಒಳಗೂ ಅಷ್ಟೇ ಉಬ್ಬಿರುತ್ತೆ, ನಮಗೆ ಕಾಣಲ್ಲ. ಇನ್ನೊಂದಿಷ್ಟು ದಿನ ಓಡಿಸಿದ್ರೆ ಎಣ್ಣೆ ಮೇಲೇರದೆ ಬೇರಿಂಗು, ಕ್ರ್ಯಾಂಕು ಎರಡೂ ಹೋಗ್ತಿದ್ವು. ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಇದೇ ಗಾಡಿಯಲ್ಲಿ.

ತಪ್ಪು ಗ್ಯಾರೇಜಿನವರದ್ದು ಮಾತ್ರ ಅಲ್ಲ. "ಸಂಜೆಗೆ ಗಾಡಿ ಬೇಕು" ಅಂತ ಅವರ ತಲೆ ಮೇಲೆ ಕೂತವನು ನಾನೇ. ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ನಾವೆಲ್ಲ ಮಾಡಿಸ್ತಿರೋದೂ ಇದನ್ನೇ ತಾನೆ?

"ಈಗಿನ ಗಾಡಿಗೆ ಕಂಪನಿಯವರೇ ಪೇಸ್ಟ್ ಹಾಕ್ತಾರಲ್ಲ" ಅಂತೀರಿ. ಹಾಕ್ತಾರೆ, ನುಣ್ಣಗೆ ಮಟ್ಟಮಾಡಿದ ಎರಡು ಮುಖಗಳ ನಡುವೆ, ಅಳತೆ ಮಾಡಿ. ನಮ್ಮದು ತಗಡು ಒತ್ತಿ ಮಾಡಿದ ಚೇಂಬರ್, ಕಾರ್ಕ್ ಕೂರಲಿ ಅಂತಲೇ ಮಾಡಿರೋದು. ಮೂಲೆ ಕೂಡೋ ಕಡೆ ಅಕ್ಕಿಕಾಳಿನಷ್ಟು ಸಿಲಿಕಾನ್ ಸಾಕು.

ಲೀಕ್ ಅಂದ ತಕ್ಷಣ ಸ್ಪ್ಯಾನರ್ ಹಿಡೀಬೇಡಿ. ಇಂಜಿನ್ ತಣ್ಣಗಿರುವಾಗ ಡೀಸೆಲ್, ಬ್ರಷ್ಷು ತಗೊಂಡು ತೊಳೀರಿ, ಚೆನ್ನಾಗಿ ಒರೆಸಿ. ಅನುಮಾನ ಇರೋ ಕಡೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ ಹತ್ತು ನಿಮಿಷ ನಿಂತಲ್ಲೇ ಓಡಿಸಿ. ಒದ್ದೆ ಎಲ್ಲಿಂದ ಶುರುವಾಗಿದೆಯೋ, ಅಂದ್ರೆ ಅದರ ಮೇಲ್ತುದಿ, ಅದೇ ಮೂಲ. ಚೇಂಬರ್ ಲೀಕ್ ಅಂತ ನಾವು ಬೈಯೋದು ಎಷ್ಟೋ ಸಲ ಟ್ಯಾಪೆಟ್ ಕವರಿಂದ ಇಳಿದು ಬಂದ ಎಣ್ಣೆ. ಆ ಕವರಿಗಿರೋದು ಎರಡೇ ನಟ್ಟು. ಸೋರುತ್ತೆ ಅಂತ ಬಿಗಿದಷ್ಟೂ ಕಾರ್ಕ್ ಅಪ್ಪಚ್ಚಿಯಾಗಿ, ತಗಡು ಬಾಗಿ, ಇನ್ನೂ ಸೋರುತ್ತೆ.

ಪ್ಯಾಕಿಂಗ್ ತರೋಕೆ ಮೊದಲು ಬ್ರೀದರ್ ನೋಡಿ. ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಹೊಗೆ ಯಾವ ಇಂಜಿನ್ನಲ್ಲೂ ಕೆಳಗಿಳಿಯುತ್ತೆ, ಅದು ಹೊರಗೆ ಹೋಗೋ ದಾರಿ ಅದೇ. ಈ ಇಂಜಿನ್ನಲ್ಲಿ ಪಕ್ಕದ ಮುಂದಿನ ಕವರಿಂದ ಒಂದು ಪೈಪ್ ಇಳಿಯುತ್ತಲ್ಲ, ಅದು. ನಂದರಲ್ಲಿ ಕಣಜ ಮಣ್ಣುಗೂಡು ಕಟ್ಟಿತ್ತು! ಕುಕ್ಕರಿನ ಸೀಟಿ ಕಟ್ಟಿಹಾಕಿ ಗ್ಯಾಸ್ಕೆಟ್ ಸರಿಯಿಲ್ಲ ಅಂದಂಗಾಯ್ತು. ಒಳಗಿನ ಒತ್ತಡ ಹೋಗೋಕೆ ದಾರಿ ಇಲ್ಲದಿದ್ರೆ ಯಾವ ಪ್ಯಾಕಿಂಗ್ ತಾನೆ ತಡೆದೀತು?

ಇನ್ನೊಂದು ಮೋಸ ಇದೆ. "ಹಿಂದಿನ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು" ಅಂತಾರೆ. ಇದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ 1489 ಸಿಸಿ ಬಿಎಂಸಿ ಇಂಜಿನ್. ಇದರ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ ಸ್ವಾಮಿ. ಕ್ರ್ಯಾಂಕಿನ ಮೇಲೆ ಸ್ಕ್ರೂ ಥರ ಕೊರೆದ ಗೆರೆ ಇದೆ, ತಿರುಗುವಾಗ ಎಣ್ಣೆನ ಒಳಕ್ಕೆ ತಳ್ಳುತ್ತೆ. ನಿಂತಾಗ ಒಂದೆರಡು ತೊಟ್ಟು ಬಿದ್ದೇ ಬೀಳುತ್ತೆ, ಕೆಳಗೊಂದು ತಗಡು ಇಡಿ. ಇಲ್ಲದ ಸೀಲಿಗೆ ದುಡ್ಡು ಕೊಡಬೇಡಿ.

ಹಳೇ ಹೆಡ್ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನ ವೈರ್ ಬ್ರಷ್ಷಿಂದ ಉಜ್ಜಬೇಡಿ, ಎಣ್ಣೆ ಹಚ್ಚಿ ನೆನೆಸಿ ಕೆರೀರಿ. ಹೆಡ್ ನಟ್ಟು ಬಿಗಿಯೋದು ನಡುವಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಲ್ಲೇ. "ಕೈ ಅಂದಾಜು ಸಾಕಣ್ಣ" ಅನ್ನೋರ ಹತ್ರ ಹೆಡ್ ಬಿಚ್ಚಿಸ್ಲೇಬೇಡಿ.

ಜಾಲರಿಯಿಂದ ಕಿತ್ತ ಸಿಲಿಕಾನ್‌ನ ಬಾಟ್ಲಿಗೆ ಹಾಕಿ ಜಗಲಿ ಮೇಲೆ ಇಟ್ಟಿದೀನಿ. ನಂಬಿಕೆ ಇಲ್ಲದವರು ಬಂದು ನೋಡಿ.