ಧೂಳು ಕುಡಿದವನೇ ಸಾಕ್ಷಿ ತರಬೇಕೆ?

ಕಲ್ಲು ಒಡೆದು ಸಿಲಿಕೋಸಿಸ್ ತಂದುಕೊಂಡ ಕಾರ್ಮಿಕ ಪರಿಹಾರ ಕೇಳಿದರೆ ಕ್ರಷರ್ ಮಾಲೀಕರ ಪರ ವಾದಿಸುವವರ ಮೊದಲ ಮಾತು, 'ಅದು ಟಿಬಿ, ಬೀಡಿ ಸೇದಿ ಬಂದದ್ದು.' ಬೀಡಿ ಶ್ವಾಸಕೋಶ ಕೆಡಿಸುತ್ತದೆ, ಒಪ್ಪಿದೆ. ಆದರೆ ಸಿಲಿಕೋಸಿಸ್ ಹೊಗೆಯಿಂದ ಹುಟ್ಟುವುದಿಲ್ಲ, ಸಿಲಿಕಾ ಧೂಳಿನಿಂದಲೇ ಹುಟ್ಟುತ್ತದೆ. ಕ್ಷಯವಂತೂ ಅದರ ಬೆನ್ನಿಗೇ ಬರುವ ಕಾಯಿಲೆ: ರೋಗಾಣುವನ್ನು ನುಂಗಿ ಕೊಲ್ಲಬೇಕಾದ ಕೋಶಗಳನ್ನೇ ಸಿಲಿಕಾ ಕೊಲ್ಲುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಟಿಬಿ ಎಂದು ಬರೆದಿದ್ದರೆ ಅದು ಧೂಳಿನ ಮೇಲಿನ ಅನುಮಾನವನ್ನು ಹೆಚ್ಚಿಸಬೇಕೇ ಹೊರತು ಕಳೆಯಬಾರದು. ಕೋಲಾರದ ಚಿನ್ನದ ಗಣಿಗಳಲ್ಲಿ ಈ ರೋಗವನ್ನು ವೈದ್ಯರು 1940ರ ದಶಕದಲ್ಲೇ ದಾಖಲಿಸಿದ್ದರು. ಗೊತ್ತಿರಲಿಲ್ಲ ಎನ್ನಲು ಯಾರಿಗೂ ದಾರಿಯಿಲ್ಲ.

'ನಮ್ಮಲ್ಲೇ ಬಂತೆಂದು ಅವನೇ ಸಾಬೀತು ಮಾಡಲಿ' ಎನ್ನುತ್ತಾರೆ. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು. ನಿಗದಿತ ಅವಧಿ ಆ ಕೆಲಸ ಮಾಡಿದವನಿಗೆ ರೋಗ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆನ್ನುವವರು ಅದನ್ನು ಸಾಬೀತುಪಡಿಸಬೇಕು. ಹತ್ತು ಕಡೆ ದುಡಿದಿದ್ದರೆ? ಅದಕ್ಕೂ ಉತ್ತರವಿತ್ತು: ಹೊಣೆಯನ್ನು ಮಾಲೀಕರ ನಡುವೆ ಹಂಚುವ ಅಧಿಕಾರ ಆ ಕಾಯ್ದೆಯಡಿ ಪರಿಹಾರ ಆಯುಕ್ತರಿಗಿತ್ತು. ಹಿಂದಿನ ಕಾಯ್ದೆಗಳನ್ನು ಒಗ್ಗೂಡಿಸಿದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಔದ್ಯೋಗಿಕ ರೋಗಗಳ ಪಟ್ಟಿ ಉಳಿದಿದೆ.

'ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ' ಎಂಬುದು ನನಗೆ ಅತ್ಯಂತ ಕ್ರೂರವೆನಿಸುವ ವಾದ. ಆ ಪುಸ್ತಕ ಬರೆಯುವವರು ಯಾರು? ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಆದಿವಾಸಿಗಳು ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳಲ್ಲಿ ದುಡಿದು, ಊರಿಗೆ ಮರಳಿ, ಉಸಿರು ಕಟ್ಟಿ ಸತ್ತರು. 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಹೇಳಿತು. ಗುಜರಾತ್ ಸರ್ಕಾರ ಅದನ್ನು ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಬೇಕಾಯಿತು. ಲಾಭ ಕಾರ್ಖಾನೆಯದು, ಪರಿಹಾರದ ಹಣ ಜನರ ತೆರಿಗೆಯದು.

'ಮಾಸ್ಕ್ ಕೊಟ್ಟಿದ್ದೆವು.' ಬಟ್ಟೆಯ ತುಂಡು ಕಣ್ಣಿಗೆ ಕಾಣದ ಕಣವನ್ನು ತಡೆಯದು.

'ಇಷ್ಟು ವರ್ಷ ಏಕೆ ಸುಮ್ಮನಿದ್ದ?' ರೋಗವೇ ಹತ್ತು, ಇಪ್ಪತ್ತು ವರ್ಷ ಸುಮ್ಮನಿರುತ್ತದೆ. ಕೆಲಸ ಬಿಟ್ಟು ಬಹುಕಾಲದ ಮೇಲೆ ಕೆಮ್ಮು, ಏದುಸಿರು ಶುರುವಾದವನ ಅರ್ಜಿಯನ್ನು ತಡವೆಂದು ತಳ್ಳಿದರೆ ಅವನು ಇನ್ನೆಲ್ಲಿಗೆ ಹೋಗಬೇಕು?

ಕೊನೆಯದು, 'ಉದ್ಯಮ ಮುಚ್ಚಿಹೋಗುತ್ತದೆ' ಎಂಬ ಬೆದರಿಕೆ. ಕೊರೆಯುವಾಗ ನೀರು ಹಾಯಿಸುವುದು, ಕ್ರಷರ್‌ಗೆ ಮುಚ್ಚಿಗೆ ಹಾಕಿ ಧೂಳು ಹೀರುವ ಯಂತ್ರ ಕೂರಿಸುವುದು ಹಳೆಯ, ಪಳಗಿದ ವಿಧಾನಗಳು. ಸುಳ್ಳು ಅರ್ಜಿಗಳ ಭಯ ಮಾಲೀಕರಿಗೆ ನಿಜವಾಗಿಯೂ ಇದ್ದರೆ ಕೆಲಸಕ್ಕೆ ಸೇರುವಾಗ ಒಂದು ಎಕ್ಸ್‌ರೇ, ಬಿಡುವಾಗ ಇನ್ನೊಂದು ತೆಗೆಸಿ, ಅವುಗಳ ಪ್ರತಿಯನ್ನು ಕಾರ್ಮಿಕನ ಕೈಗೇ ಕೊಡಲಿ.