ಕಾಲೇಜಿನ ದಾದಾ

ಮರಾಠಿಯಲ್ಲಿ ‘ದಾದಾ’ ಎಂದರೆ ಅಣ್ಣ. ನಮ್ಮ ಕನ್ನಡದಲ್ಲಿ ಅದೇ ಮಾತಿಗೆ ಬೀದಿಯ ಪುಂಡನೆಂಬ ಅರ್ಥ ಬಂದುಬಿಟ್ಟಿದೆ. ನಾಸಿಕದ ಮನೆಯಿಂದ ಸಂಭಾಜಿನಗರದ ಹಾಸ್ಟೆಲಿಗೆ ಹೋದ ಹುಡುಗನು ಫೋನಿನಲ್ಲಿ, “ಇಲ್ಲಿ ದಾದಾಗಳು ಬಹಳ ಮಂದಿ ಇದ್ದಾರೆ” ಎಂದರೆ, ಊರಿನಿಂದ ಬಂದ ಅಜ್ಜಿಯ ಎದೆ ಧಸಕ್ಕೆನ್ನುವುದು ಸಹಜವೇ. ಅಜ್ಜಿಯನ್ನು ನೋಡಿ ನಗುವಂತೆಯೂ ಇಲ್ಲ. ಹಿರಿಯ ವಿದ್ಯಾರ್ಥಿಗಳಲ್ಲಿ ಎರಡು ಅರ್ಥದವರೂ ಇದ್ದಾರೆ.

ವರ್ಷವೂ ಪ್ರವೇಶ ಮುಗಿಯುತ್ತಲೇ ನಮ್ಮವರ ಮಕ್ಕಳು ಕೆಲವರು ಮನಮಾಡದ ಮೇಲಿಂದ ಆ ಊರಿಗೆ ಹೊರಡುತ್ತಾರೆ. (2023ರಲ್ಲಿ ಹೆಸರು ಬದಲಾದರೂ ನಮ್ಮಲ್ಲಿಯ ಹಿರಿಯರ ಬಾಯಲ್ಲಿ ಅದಿನ್ನೂ ಔರಂಗಾಬಾದೇ.) 1956ರ ಸರಕಾರಿ ವೈದ್ಯಕೀಯ ಕಾಲೇಜು, 1958ರ ವಿಶ್ವವಿದ್ಯಾಲಯ, 1960ರ ಸರಕಾರಿ ಇಂಜನಿಯರಿಂಗ್ ಕಾಲೇಜು ಎಲ್ಲವೂ ಅಲ್ಲಿವೆ. ಆದರೆ ಹೊಸಬನಿಗೆ ಮೊದಲು ಬೇಕಾಗುವವರು ಪ್ರಾಧ್ಯಾಪಕರಲ್ಲ, ಒಂದು ವರ್ಷ ಮುಂದಿರುವ ಹುಡುಗರು. ಜರ್ನಲಿಗೆ ಸಹಿ ಯಾವಾಗ ಸಿಗುತ್ತದೆ, ಯಾವ ಪುಸ್ತಕ ಕೊಳ್ಳಲೇಬೇಕು, ಯಾವುದನ್ನು ಗ್ರಂಥಾಲಯದಲ್ಲಿ ಓದಿದರೆ ಸಾಕು, ಯಾವ ಮೆಸ್ಸಿನ ವರಣ ಬರಿಯ ನೀರು, ಇದೆಲ್ಲ ಪ್ರಾಸ್ಪೆಕ್ಟಸ್ಸಿನಲ್ಲಿ ಬರೆದಿರುವುದಿಲ್ಲ. ವಾರಾನ್ನದ ಕಾಲದಲ್ಲಿಯೂ ಹಾಗೆಯೇ. ಮಂಗಳವಾರದ ಊಟಕ್ಕೆ ಯಾವ ಮನೆಯನ್ನು ಕೇಳಬೇಕೆಂಬುದನ್ನು ಹಳೆಯ ವಿದ್ಯಾರ್ಥಿಯಿಂದಲೇ ತಿಳಿಯಬೇಕಾಗಿತ್ತು.

ಇನ್ನೊಂದು ಅರ್ಥದ ದಾದಾ ರಾತ್ರಿ ಹೊತ್ತು ಮೀರಿ ಬಾಗಿಲು ತಟ್ಟುತ್ತಾನೆ. ಅದಕ್ಕೆ ‘ಪರಿಚಯ’ವೆಂದು ಹೆಸರು. ತಲೆ ತಗ್ಗಿಸಿ ನಿಲ್ಲು, ಕುಣಿ, ನನ್ನ ಜರ್ನಲ್ ಬರೆದುಕೊಡು. ಮನೆಮಾತು ಕನ್ನಡವೆಂದು ತಿಳಿದರೆ ಅದನ್ನೇ ಆಡಿಸಿ ನಗುವುದು. ಇದರಿಂದ ಹುಡುಗರಿಗೆ ಧೈರ್ಯ ಬರುತ್ತದೆ ಎನ್ನುವ ತಂದೆಗಳು ನಮ್ಮಲ್ಲಿಯೂ ಇದ್ದಾರೆ. ನಾವು ಒಪ್ಪಲಾರೆವು. 2009ರ ಮಾರ್ಚ್ ತಿಂಗಳಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಾಚ್ರೂ ಎಂಬ 19 ವರ್ಷದ ಹುಡುಗನು ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಸತ್ತುಹೋದನು.

ಮಹಾರಾಷ್ಟ್ರದಲ್ಲಿ 1999ರಿಂದ ಇದಕ್ಕೆ ಕಾಯದೆಯಿದೆ. 2 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಶಿಕ್ಷೆಯಾದವನಿಗೆ 5 ವರ್ಷ ಬೇರೆ ಯಾವ ಕಾಲೇಜಿನಲ್ಲಿಯೂ ಪ್ರವೇಶವಿಲ್ಲ. 2009ರಲ್ಲಿ ಯು.ಜಿ.ಸಿ. ನಿಯಮಗಳು ಬಂದವು. 2016ರ ತಿದ್ದುಪಡಿಯ ಮೇರೆಗೆ, ಭಾಷೆಯ ಕಾರಣಕ್ಕಾಗಿ ಒಬ್ಬನನ್ನು ಪೀಡಿಸುವುದೂ ರ್‍ಯಾಗಿಂಗೇ. ಈ ಸಂಗತಿಯನ್ನು ನಮ್ಮ ಮನೆಗಳಲ್ಲಿ ವಿಶೇಷವಾಗಿ ತಿಳಿದಿರಬೇಕು. ಹಗಲಿರುಳೂ ದೂರು ಕೇಳುವ ಫೋನು 1800-180-5522.

ಆದರೆ ಕಾಯದೆಗೆ ಕೆಲಸ ಹತ್ತುವುದು ಹುಡುಗನು ಬಾಯಿ ಬಿಟ್ಟಮೇಲೆ. ಅವನು ಬಾಯಿ ಬಿಡುವುದಿಲ್ಲ. “ಊಟವಾಯಿತೇ?” ಎಂದರೆ “ಆಯಿತು” ಎನ್ನುತ್ತಾನೆ; ತಂದೆ ಫೋನು ತೆಗೆದುಕೊಂಡರೆ ಅಷ್ಟೂ ಇಲ್ಲ. “ಗಂಡುಹುಡುಗ, ಸಹಿಸಿಕೋ” ಎಂಬ ಉತ್ತರ ಅವನಿಗೆ ಮೊದಲೇ ಗೊತ್ತು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಯಾರ ಜೊತೆ ಉಂಡೆ, ಯಾರ ಜರ್ನಲ್ ಬರೆಯುತ್ತಿದ್ದೀ ಎಂದು ತಾಯಂದಿರು ಕೇಳಿ ನೋಡಲಿ.

ಯು.ಜಿ.ಸಿ. ನಿಯಮಗಳಲ್ಲಿ ನಮಗೆ ಹಿಡಿಸಿದ ಮಾತೊಂದಿದೆ. ಆರು ಮಂದಿ ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಿಯಾಗಿರಬೇಕಂತೆ. ಕಾಲೇಜಿನವರು ಅದನ್ನು ಎಷ್ಟು ಮಾಡುತ್ತಾರೋ ಮಾಡಲಿ. ನಮ್ಮಲ್ಲಿ ಹೊಸಬರು ಆರು ಮಂದಿಯೂ ಇರಲಾರರು. ಸಂಭಾಜಿನಗರದಲ್ಲಿ ಎರಡನೆಯ, ಮೂರನೆಯ ವರ್ಷದಲ್ಲಿ ಓದುತ್ತಿರುವ ನಮ್ಮ ಮಕ್ಕಳು ತಮ್ಮ ಹೆಸರುಗಳನ್ನು ಸಂಘದ ಕಾರ್ಯದರ್ಶಿಗಳಿಗೆ ಕೊಡಲಿ. ಹೊಸಬರು ಬರುವ ರೈಲಿನ ವೇಳೆಯನ್ನು ಅವರಿಗೆ ತಿಳಿಸುವ ಹೊಣೆ ನಮ್ಮದು. ಹುಡುಗಿಯರ ಹೆಸರುಗಳೂ ಬೇಕು. ಈ ಸಲ ಹೋಗುವವರಲ್ಲಿ ಅವರೇ ಹೆಚ್ಚು.