ಅಗ್ಗವಾದ ಔಷಧ, ಅಂಜುವ ಕಾರ್ಮಿಕ

ಯಕೃತ್ತನ್ನು ವರ್ಷಾನುಗಟ್ಟಲೆ ಸದ್ದಿಲ್ಲದೆ ಹಾಳುಗೆಡಹುವ ಹೆಪಟೈಟಿಸ್-ಸಿ ಇಂದು ಹನ್ನೆರಡು ವಾರಗಳ ಮಾತ್ರೆಗಳಿಂದ ಬಹುಪಾಲು ರೋಗಿಗಳಲ್ಲಿ ಸಂಪೂರ್ಣ ಗುಣವಾಗುತ್ತದೆ. ಬೆಲೆಯ ಏರಿಳಿತವನ್ನು ಬಲ್ಲ ವರ್ತಕರಿಗೆ ಈ ಮಾತ್ರೆಯ ಕಥೆ ರುಚಿಸೀತು.

ಹಿಂದೆ ಇದಕ್ಕಿದ್ದ ಮುಖ್ಯ ಚಿಕಿತ್ಸೆ ಇಂಟರ್‌ಫೆರಾನ್ ಚುಚ್ಚುಮದ್ದು. 24ರಿಂದ 48 ವಾರಗಳ ಕಾಲ ಜ್ವರ, ನಿಶ್ಶಕ್ತಿಗಳನ್ನು ಸಹಿಸಿಕೊಂಡರೂ ಅನೇಕರು ಗುಣಹೊಂದುತ್ತಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕ ಸೊಫೋಸ್ಬುವಿರ್ ಔಷಧಕ್ಕೆ ಅನುಮತಿ ನೀಡಿದಾಗ ಗಿಲಿಯಡ್ ಕಂಪನಿ ಇಟ್ಟ ದರ ಮಾತ್ರೆಯೊಂದಕ್ಕೆ 1,000 ಡಾಲರ್. 84 ಮಾತ್ರೆಗಳಿಗೆ 84,000 ಡಾಲರ್! ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ಭಾರತದ ಏಳು ತಯಾರಕರಿಗೆ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲೊಂದು. ಪೈಪೋಟಿ ಆರಂಭವಾದೊಡನೆ ಇಲ್ಲಿ ಬೆಲೆ ನೆಲಕ್ಕಿಳಿಯಿತು. ಆದರೆ ಮಾರಾಟಕ್ಕೆ ಅವಕಾಶವಿದ್ದುದು 91 ದೇಶಗಳಲ್ಲಿ ಮಾತ್ರ. ಬ್ರೆಜಿಲ್, ಚೀನಾಗಳು ಹೊರಗುಳಿದವು. ತಯಾರಕನು ಯಾರಿಗೆ ಮಾರಬೇಕೆಂಬುದನ್ನು ಮತ್ತೊಬ್ಬರು ಗೊತ್ತುಪಡಿಸುವ ಈ ಏರ್ಪಾಡನ್ನು ಔದಾರ್ಯವೆಂದು ಹೊಗಳಲು ನನಗೆ ಮನಸ್ಸು ಬಾರದು.

ನಮ್ಮ ದೇಶದ ಮಟ್ಟಿಗೆ ಹಣದ ಅಡಚಣೆ ಬಹುಮಟ್ಟಿಗೆ ನೀಗಿದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಇಷ್ಟಾದರೂ ಕಾರ್ಮಿಕನು ಪರೀಕ್ಷೆಗೆ ಹಿಂಜರಿಯುತ್ತಾನೆ. ವರದಿ ಮಾಲೀಕರ ಮೇಜಿಗೆ ಬಂದರೆ ಕೆಲಸ ಹೋದೀತೆಂಬ ಅಂಜಿಕೆ ಅವನದು. ಆ ಅಂಜಿಕೆಗೆ ಕಾರಣ ನಾವೇ ಆಗಿರುವಾಗ ಅವನನ್ನು ಅಜ್ಞಾನಿಯೆನ್ನುವುದು ನ್ಯಾಯವಲ್ಲ. ಈ ರೋಗ ಮುಖ್ಯವಾಗಿ ರಕ್ತದ ಮೂಲಕ ಹರಡುತ್ತದೆ. ಜೊತೆಗೆ ಕುಳಿತು ಉಣ್ಣುವುದರಿಂದ, ಒಂದೇ ಯಂತ್ರದಲ್ಲಿ ದುಡಿಯುವುದರಿಂದ ಹರಡದು. ಹೀಗಿರುವಾಗ ಗುಣವಾಗಬಲ್ಲ ಕಾಯಿಲೆಗಾಗಿ ಪಳಗಿದ ಕೆಲಸಗಾರನನ್ನು ಕಳೆದುಕೊಳ್ಳುವುದು ಲೆಕ್ಕಕ್ಕೂ ಸರಿಹೊಂದದು.

ಹೆಪಟೈಟಿಸ್-ಬಿ ರೋಗದ ಮಾತು ಬೇರೆ. ಟೆನೊಫೋವಿರ್, ಎಂಟೆಕಾವಿರ್ ಮಾತ್ರೆಗಳು ವೈರಾಣುವನ್ನು ಹತ್ತಿಕ್ಕುತ್ತವೆಯೇ ಹೊರತು ಸಾಮಾನ್ಯವಾಗಿ ಬೇರುಸಹಿತ ಕೀಳಲಾರವು. ಅನೇಕರು ವರ್ಷಗಟ್ಟಲೆ ನುಂಗಬೇಕು. ಇನ್ನೂ ಸಮರ್ಥವಾದ ಔಷಧಗಳ ಶೋಧ ಸಾಗಿದೆ. ಆದರೆ 'ಸಿ'ಗೆ ಇಲ್ಲದ ಲಸಿಕೆ 'ಬಿ'ಗೆ ಇದೆ.

ಸದಸ್ಯ ಬಾಂಧವರು ತಮ್ಮ ಘಟಕಗಳ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ, ಕೆಲಸಗಾರರ ಒಪ್ಪಿಗೆ ಪಡೆದು, ಈ ಎರಡು ಪರೀಕ್ಷೆಗಳನ್ನು ಸೇರಿಸಬಹುದು. ವರದಿಯನ್ನು ವೈದ್ಯರು ನೇರವಾಗಿ ಕೆಲಸಗಾರನ ಕೈಗೇ ಕೊಡಲಿ. ಆಸ್ಪತ್ರೆಗೆ ಹೋಗಬೇಕಾದ ದಿನಗಳ ಕೂಲಿಯನ್ನು ಮುರಿಯುವುದಿಲ್ಲವೆಂಬ ಭರವಸೆಯನ್ನು ತಪಾಸಣೆಗೆ ಮುನ್ನವೇ ಸೂಚನಾ ಫಲಕದಲ್ಲಿ ಬರೆದು ಹಾಕಲಿ.